ರಕ್ತದೊಳಗಿನ ನಂಟರು

“ತಮಗೆ ಮಕ್ಕಳಿಲ್ಲವೆಂದು ತಿಳಿಸಿರುವಿರಿ. ಆದರೆ ತಮ್ಮ ರಕ್ತದಲ್ಲಿ ಒಂದು ಗಂಡುಮಗುವಿನ ಜೀವಕೋಶಗಳಿವೆ. ದಯವಿಟ್ಟು ವಿವರಿಸಬಲ್ಲಿರಾ?”

ಕೇಳಿದವರು ಡಾಕ್ಟರ್ ಚೋಲ್ಪೋನ್. ಅವರು ಕೇಳಿದ್ದು ಕಿರ್ಗಿಜ್ ಭಾಷೆಯಲ್ಲಿ. ನೀಲಗಂಗಾಳ ಕಿವಿಯಲ್ಲಿದ್ದ ಕಡಲೆಕಾಳಿನಷ್ಟು ದುಭಾಷಿ ಯಂತ್ರ ಅದನ್ನು ಕನ್ನಡ ಮಾಡಿ, ವಾರ್ತೆ ಓದುವವರ ದನಿಯಲ್ಲಿ ಒಪ್ಪಿಸಿತು. ಗದಗಿನಲ್ಲಿ ಹುಟ್ಟಿ ಗದಗಿನಲ್ಲೇ ಬೆಳೆದ ನೀಲಗಂಗಾಳಿಗೆ ಆ ಪುಸ್ತಕದ ಕನ್ನಡ ಕೇಳಿದಾಗಲೆಲ್ಲ ಒಳಗೊಳಗೇ ನಗು ಬರುತ್ತಿತ್ತು. ಇವತ್ತು ಬರಲಿಲ್ಲ.

“ಏಳು ತಿಂಗಳಿಗೆ ಹೋತ್ರಿ,” ಎಂದಳು.

ಯಂತ್ರ ಅದನ್ನು ಹೇಗೆ ತಿರುಗಿಸಿತೋ ಏನೋ, ಡಾಕ್ಟರು ಹುಬ್ಬು ಗಂಟಿಕ್ಕಿ, “ಎಲ್ಲಿಗೆ ಹೋಯಿತು?” ಎಂದು ಕೇಳಿದರು.

ನೀಲಗಂಗಾ ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದಳು. ಗುರುಸಿದ್ದಪ್ಪ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಮಾತಿಗಿಂತ ಪೆನ್ಸಿಲನ್ನು ಹೆಚ್ಚು ನಂಬಿದ ಮನುಷ್ಯ. ಅವನು ಯಂತ್ರಕ್ಕೆ ತಿಳಿಯುವಂತೆ ಒಂದೊಂದೇ ಶಬ್ದ ಬಿಡಿಸಿ ಹೇಳಿದ: “ಮಗು ಹೊಟ್ಟೆಯಲ್ಲೇ ಸತ್ತಿತ್ತು. ಗಂಡು. ಹದಿನಾರು ವರ್ಷ ಆಯಿತು.”

ಡಾಕ್ಟರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಐವತ್ತು ದಾಟಿದ, ದುಂಡು ಮುಖದ ಹೆಂಗಸು. “ಕ್ಷಮಿಸಿ. ಹೀಗೆ ಕೇಳಬಾರದಿತ್ತು,” ಎಂದರು.

ಬಿಷ್ಕೆಕ್ ನಗರದ ಆ ಆರೋಗ್ಯ ಕೇಂದ್ರಕ್ಕೆ ಗಂಡಹೆಂಡತಿ ಬಂದದ್ದು ದತ್ತು ಮಗುವಿನ ಕೊನೆಯ ತಪಾಸಣೆಗಳಿಗೆ. ಆ ಹೊತ್ತಿಗೆ ನಮ್ಮ ಕಡೆ ದತ್ತು ಕೊಡಲು ಮಕ್ಕಳೇ ಇರಲಿಲ್ಲ. ಬೇಡುವವರ ಸಾಲು ಮಾತ್ರ ಉದ್ದಕ್ಕೆ ಬೆಳೆದಿತ್ತು. ಅತ್ತ ಕಿರ್ಗಿಜ್ ನಾಡಿನಲ್ಲಿ ಬೆಟ್ಟದ ಮೇಲಿನ ಹಿಮದ ಸರೋವರಗಳು ಒಂದೊಂದಾಗಿ ಒಡೆದು, ಕೆಳಗಿನ ಹಳ್ಳಿಗಳು ಕೊಚ್ಚಿಹೋಗಿ, ಅನಾಥ ಮಕ್ಕಳ ಸಂಖ್ಯೆ ಏರಿತ್ತು. ಎರಡೂ ಸರಕಾರಗಳು ಒಪ್ಪಂದ ಮಾಡಿಕೊಂಡವು. ದತ್ತು ಪಡೆಯುವವರು ಅಲ್ಲಿಗೇ ಹೋಗಿ, ಮಗುವಿನೊಂದಿಗೆ ಎರಡು ತಿಂಗಳು ಒಂದೇ ಮನೆಯಲ್ಲಿದ್ದು, ಮಗುವಿಗೂ ತಮಗೂ ಎಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಎದೆ, ಎಲುಬು, ಕಣ್ಣು, ಕಿವಿ ಎಲ್ಲ ಮುಗಿದಿದ್ದವು. ಉಳಿದದ್ದು ಎಲೆಕ್.

ಎಲೆಕ್ ಎಂದರೆ ಅವರ ಭಾಷೆಯಲ್ಲಿ ಜರಡಿ. ರಕ್ತ ಸೋಸುವ ಆ ಯಂತ್ರಕ್ಕೆ ಬೇರೆ ಉದ್ದನೆಯ ಹೆಸರಿತ್ತಾದರೂ ಕೇಂದ್ರದವರೆಲ್ಲ ಕರೆಯುತ್ತಿದ್ದದ್ದು ಹಾಗೆ. ನೋಡಲು ದೊಡ್ಡ ಹಿಟ್ಟಿನ ಗಿರಣಿಯಷ್ಟು. ಒಂದು ಚಮಚ ರಕ್ತ ಹಾಕಿದರೆ ಕೋಟಿಗಟ್ಟಲೆ ಕೋಶಗಳನ್ನು ಸೋಸಿ, ಅವುಗಳಲ್ಲಿ ಆ ಮನುಷ್ಯನವಲ್ಲದ ಕೋಶಗಳನ್ನಷ್ಟೇ ಹೆಕ್ಕಿ ತೆಗೆಯುತ್ತಿತ್ತು. ನಮ್ಮ ಮೈಯಲ್ಲಿ ನಮ್ಮವಲ್ಲದ ಕೋಶಗಳು ಎಲ್ಲಿಂದ ಬರಬೇಕು? ಡಾಕ್ಟರ್ ಚೋಲ್ಪೋನ್ ಅದನ್ನೇ ನಿಧಾನವಾಗಿ ವಿವರಿಸಿದರು. ಬಸಿರಿನ ಹೊತ್ತಿನಲ್ಲಿ ತಾಯಿ ಮಗುವಿನ ನಡುವೆ ಹರಿಯುವುದು ಬರೀ ಅನ್ನರಸವಲ್ಲ. ಮಗುವಿನ ಕೆಲವು ಕೋಶಗಳು ತಾಯಿಯ ರಕ್ತಕ್ಕೆ ದಾಟಿಕೊಂಡು, ಎಲುಬಿನ ಮಜ್ಜೆಯಲ್ಲಿ, ಗುಂಡಿಗೆಯಲ್ಲಿ ಬಿಡಾರ ಹೂಡುತ್ತವೆ. ತಾಯಿಯವೂ ಮಗುವಿಗೆ ದಾಟುತ್ತವೆ. ಹತ್ತಾರು ವರ್ಷ ಅವು ಅಲ್ಲಿಯೇ ಬಾಳುತ್ತವೆ. ಬಹಳ ಹಿಂದಿನಿಂದ ಗೊತ್ತಿದ್ದ ಸಂಗತಿಯೇ. ಆದರೆ ಅವುಗಳನ್ನು ಒಂದೂ ಬಿಡದಂತೆ ಹಿಡಿದು, ಇದು ಯಾರದು ಎಂದು ಓದಬಲ್ಲ ಯಂತ್ರ ಬಂದದ್ದು ಈಗ. ಕೆಲವೊಮ್ಮೆ ಈ ಅತಿಥಿ ಕೋಶಗಳಿಂದಲೇ ಕೀಲುನೋವು, ಚರ್ಮದ ಬೇನೆ ಬರುವುದುಂಟು, ಅದಕ್ಕೇ ತಪಾಸಣೆ.

“ಅಂದ್ರ,” ನೀಲಗಂಗಾ ತಡವರಿಸಿದಳು, “ಅಂವ ಇನ್ನೂ ಅದಾನೇನ್ರಿ?”

“ಅವನಿಲ್ಲ. ಅವನ ಕೆಲವು ಕೋಶಗಳಿವೆ. ಎರಡೂ ಒಂದೇ ಅಲ್ಲ. ಹಾಗೆಂದು ಏನೂ ಉಳಿದಿಲ್ಲವೆಂದೂ ನಾನು ಹೇಳಲಾರೆ.”

ಗುರುಸಿದ್ದಪ್ಪ ಕುರ್ಚಿಯ ತುದಿಗೆ ಸರಿದ. “ಅದರಾಗ ನಂದೂ ಪಾಲು ಐತೇನ್ರಿ?”

“ಸರಿಯಾಗಿ ಅರ್ಧ.”

ಡಾಕ್ಟರು ಪರದೆಯನ್ನು ಅವರ ಕಡೆ ತಿರುಗಿಸಿದರು. ಬೂದು ಬಣ್ಣದ ನೀರಿನಲ್ಲಿ ತಿಳಿಯಾದ ಒಂದು ಹನಿ. ಅದರ ಅಂಚು ಮೆಲ್ಲಗೆ ಮಿಡುಕುತ್ತಿತ್ತು, ನಿದ್ದೆಯಲ್ಲಿರುವ ಕೂಸಿನ ನೆತ್ತಿಯ ಹಾಗೆ. ಹದಿನಾರು ವರ್ಷ ಇಬ್ಬರೂ ಆ ಮಗುವಿನ ಮಾತೆತ್ತಿರಲಿಲ್ಲ. ಆಸ್ಪತ್ರೆಯವರು ಬಟ್ಟೆ ಸುತ್ತಿ ಒಯ್ದಿದ್ದರು. ಮುಖ ನೋಡಿದರೆ ಮರೆಯಲಾಗದು ಎಂದು ಹಿರಿಯರು ನೋಡಗೊಟ್ಟಿರಲಿಲ್ಲ. ಈಗ ಪರದೇಶದ ಕೋಣೆಯೊಂದರಲ್ಲಿ ಗಂಡಹೆಂಡತಿ ಮುಂದಕ್ಕೆ ಬಾಗಿ, ಬಹಳ ಹೊತ್ತು ಅದನ್ನೇ ನೋಡಿದರು.

ಕೇಂದ್ರದಿಂದ ಹೊರಗೆ ಬಂದಾಗ ರಸ್ತೆಯ ಉದ್ದಕ್ಕೂ ಪಾಪ್ಲರ್ ಮರಗಳ ಎಲೆ ಹಳದಿಯಾಗಿ ಉದುರುತ್ತಿತ್ತು. ದಕ್ಷಿಣದ ತುಂಬ ಹಿಮ ಹೊತ್ತ ಬೆಟ್ಟಗಳು. ನಡೆಯುತ್ತಿದ್ದ ಗುರುಸಿದ್ದಪ್ಪ ಒಮ್ಮೆಲೆ, “ನಿನ್ನ ಕೂಡ ಗದಗ ತುಂಬ ಅಡ್ಡ್ಯಾಡಿ, ವಿಮಾನದಾಗ ಇಲ್ಲೀತನಕ ಬಂದಾನ ನೋಡ ಮಗ, ಟಿಕೆಟ್ ಇಲ್ದ,” ಎಂದ. ನೀಲಗಂಗಾ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಮಗುವಿನ ಹೆಸರು ಮೀರಿಮ್. ನಾಲ್ಕು ವರ್ಷ. ನಾರಿನ್ ಸೀಮೆಯ ಒಂದು ಕಣಿವೆಯಲ್ಲಿ ಸರೋವರ ಒಡೆದಾಗ ತಂದೆತಾಯಿ ಇಬ್ಬರೂ ಹೋದರು; ಇವಳು ಮೇಲಿನ ಹುಲ್ಲುಗಾವಲಿನಲ್ಲಿ ಯಾರದೋ ಗುಡಾರದಲ್ಲಿ ಆಡುತ್ತಿದ್ದಳಂತೆ, ಉಳಿದುಕೊಂಡಳು. ಅತಿಥಿಗೃಹದ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಈಗ ಮೂವರ ಸಂಸಾರ ನಡೆದಿತ್ತು.

ಅಲ್ಲಿಯ ಭಾಷೆಯಲ್ಲಿ ತಾಯಿಗೆ ಅಪಾ ಅನ್ನುತ್ತಾರೆ. ಎರಡನೇ ವಾರದಲ್ಲಿ ಮೀರಿಮ್ ಮೊದಲ ಸಲ “ಅಪಾ!” ಎಂದು ಕೂಗಿದಾಗ ಗುರುಸಿದ್ದಪ್ಪ “ಏನವ್ವಾ” ಎನ್ನುತ್ತ ಓಡಿಬಂದ. ಮಗು ಅವನನ್ನು ದಾಟಿಕೊಂಡು ಹೋಗಿ ನೀಲಗಂಗಾಳ ಕಾಲು ತಬ್ಬಿತು. “ಅಲ್ಲೋ ಮಾರಾಯ, ನನ್ನ ಹೆಸರು ಹಿಡಿದು ಆಕಿನ್ನ ಕರಿತೈತಲ್ಲ ಇದು!” ಎಂದು ಅವನು ಅಂಗೈ ತೋರಿಸಿ ಗೋಳಾಡಿದ. ಅಂದಿನಿಂದ ಅದೊಂದು ಆಟವಾಯಿತು. ಅಪಾ ಎಂದರೆ ಸಾಕು, ಇವನು ಬೇಕಂತಲೇ ಓಡಿ ಬರುವುದು, ಮಗು ಕೇಕೆ ಹಾಕಿ ತಪ್ಪಿಸಿಕೊಳ್ಳುವುದು.

ನೀಲಗಂಗಾ ಊರಿನಿಂದ ಜೋಳದ ಹಿಟ್ಟು ತಂದಿದ್ದಳು. ರೊಟ್ಟಿ ಬಡಿಯುವ ಸದ್ದು ಮೀರಿಮ್‌ಗೆ ಬಹಳ ಇಷ್ಟ. ಎದುರಿಗೆ ಕೂತು ತಾನೂ ಒಂದು ಹಿಟ್ಟಿನುಂಡೆಯನ್ನು ಮೇಜಿಗೆ ಬಡಿದು ಬಡಿದು ಸಪಾಟು ಮಾಡುವಳು. ರೊಟ್ಟಿಯನ್ನು ಮೊಸರಲ್ಲಿ ಅದ್ದಿಕೊಟ್ಟರೆ ತಿನ್ನುವಳು. ಪಲ್ಯ ಕಂಡರೆ ಮುಖ ತಿರುಗಿಸುವಳು. ಅವಳಿಗೊಂದೇ ಭಯ: ನೀರಿನ ಸದ್ದು. ನಲ್ಲಿ ಜೋರಾಗಿ ಬಿಟ್ಟರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ನೀಲಗಂಗಾ ನಲ್ಲಿಗೆ ಬಟ್ಟೆ ಕಟ್ಟಿದಳು. ನೀರು ಸದ್ದಿಲ್ಲದೆ ಜಿನುಗಿ ಬಕೆಟ್ಟು ತುಂಬುತ್ತಿತ್ತು. ಮಲಗುವಾಗ ಮಗುವಿಗೆ ಯಾರಾದರೂ ಕಿವಿಯ ಹಾಲೆ ಸವರುತ್ತಿರಬೇಕು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನೀಲಗಂಗಾಳೇ ಕಂಡುಹಿಡಿದಳು. ಮಗುವಿನ ತಾಯಿ ಹಾಗೆ ಮಾಡುತ್ತಿದ್ದಿರಬೇಕು ಎಂದುಕೊಂಡಳು.

ಕೆಲವು ದಿನಗಳಾದ ಮೇಲೆ ಡಾಕ್ಟರ್ ಚೋಲ್ಪೋನ್ ಮತ್ತೆ ಕರೆಸಿದರು. ಮೀರಿಮ್‌ಳ ಫಲಿತಾಂಶ ಬಂದಿತ್ತು.

“ಮಗು ಆರೋಗ್ಯವಾಗಿದೆ. ಯಾವ ಅಡ್ಡಿಯೂ ಇಲ್ಲ,” ಎಂದು ಮೊದಲೇ ಹೇಳಿಬಿಟ್ಟರು. ನೀಲಗಂಗಾ ಉಸಿರು ಬಿಟ್ಟಳು. ಡಾಕ್ಟರು ಮಾತ್ರ ಎದ್ದು ಬಾಗಿಲು ಮುಚ್ಚಿ ಬಂದು ಕೂತರು.

“ಮಗುವಿನ ರಕ್ತದಲ್ಲಿ ಅವಳ ತಾಯಿಯ ಕೋಶಗಳಿವೆ. ಅದು ಸಹಜ. ಆದರೆ ಇನ್ನೊಬ್ಬರದೂ ಇವೆ. ಅವು ಒಂದು ಹೆಣ್ಣಿನವು. ಅದೇ ತಾಯಿ, ಬೇರೆ ತಂದೆ.”

“ಅಂದ್ರ?”

“ಮೀರಿಮ್ ಹುಟ್ಟುವುದಕ್ಕೆ ಮುಂಚೆ ಆ ತಾಯಿ ಇನ್ನೊಂದು ಹೆಣ್ಣುಮಗುವನ್ನು ಹೊತ್ತಿದ್ದಳು. ಅದರ ಕೋಶಗಳು ತಾಯಿಯಲ್ಲಿ ಉಳಿದವು. ಮುಂದೆ ಮೀರಿಮ್ ಹೊಟ್ಟೆಯಲ್ಲಿದ್ದಾಗ ಕೆಲವು ಇವಳಿಗೆ ದಾಟಿವೆ. ಇವಳಿಗೆ ಅಕ್ಕ ಇದ್ದಾಳೆ, ಅಥವಾ ಇದ್ದಳು. ದಾಖಲೆಯಲ್ಲಿ ಎಲ್ಲಿಯೂ ಅವಳ ಸುದ್ದಿಯಿಲ್ಲ.”

ಅವಳು ಬದುಕಿದ್ದರೆ ಹುಡುಕುವುದು ಕಷ್ಟವಿರಲಿಲ್ಲ. ಆ ದೇಶದಲ್ಲಿ ಪ್ರತಿಯೊಬ್ಬರ ರಕ್ತದ ಗುರುತು ಆರೋಗ್ಯ ಇಲಾಖೆಯಲ್ಲಿರುತ್ತದೆ. ಹೋಲಿಸಿದರೆ ಅರ್ಧ ದಿನದ ಕೆಲಸ. ಆದರೆ ಯಂತ್ರ ಹೊಸದು, ಕಾನೂನು ಇನ್ನೂ ಅದನ್ನು ಬೆನ್ನಟ್ಟಿ ಬಂದಿರಲಿಲ್ಲ. ಅತಿಥಿ ಕೋಶದ ಸುದ್ದಿ ಮಗುವಿನ ಖಾಸಗಿ ಸ್ವತ್ತು. ಹುಡುಕಿ ಎಂದು ಮಗುವಿನ ಪರವಾಗಿ ಹೇಳಬೇಕಾದವರು ತಂದೆತಾಯಿ ಆಗಲಿರುವವರೇ. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

“ಹುಡುಕಿದ್ರ ಏನಾಕ್ಕೈತ್ರಿ?” ಗುರುಸಿದ್ದಪ್ಪ ಕೇಳಿದ.

“ಹದಿನೆಂಟು ತುಂಬಿದ ಒಡಹುಟ್ಟಿದವರಿದ್ದರೆ, ಮಗುವಿನ ಮೇಲೆ ಮೊದಲ ಹಕ್ಕು ಅವರದು. ಇದನ್ನು ನಾನು ಮುಚ್ಚಿಡಲಾರೆ.”

ಆ ಸಂಜೆ ಮೀರಿಮ್ ಕಿಟಕಿಯ ಬಳಿ ಗುರುಸಿದ್ದಪ್ಪ ಬರೆದುಕೊಟ್ಟ ಆಡಿನ ಚಿತ್ರಕ್ಕೆ ಹಸಿರು ಬಳಿಯುತ್ತಿದ್ದಳು. ಗಂಡಹೆಂಡತಿ ಅಡಿಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದರು. ತಗ್ಗಿಸಬೇಕಾಗಿರಲಿಲ್ಲ, ಅಲ್ಲಿ ಅವರ ಮಾತು ತಿಳಿಯುವವರು ಯಾರೂ ಇರಲಿಲ್ಲ.

“ನಮಗೆ ಗೊತ್ತಿಲ್ಲಂತ ತಿಳ್ಕೊಂಡ ಬಿಡೂಣು,” ಎಂದ ಅವನು. “ಆ ಯಂತ್ರ ಇರಲಿಲ್ಲಂದ್ರ ಯಾರಿಗೆ ತಿಳೀತಿತ್ತು? ಆಕಿ ಎಲ್ಲಿ ಅದಾಳೋ, ಹೆಂಗ ಅದಾಳೋ. ಸತ್ತಿದ್ರೂ ಸತ್ತಿರಬಹುದು. ಕೂಸು ನಿನ್ನ ಹಚ್ಕೊಂಡೈತಿ ನೀಲಾ. ಇನ್ನೊಮ್ಮೆ ಅದನ್ನ ಕಿತ್ತರ ಬದುಕತೈತೇನು?”

“ಕೂಸಿನ ಮಾತ ಹೇಳಾಕತ್ತೀರೋ, ನಮ್ಮ ಮಾತೋ?”

“ಎರಡೂ. ಸುಳ್ಳ ಯಾಕ ಹೇಳ್ಲಿ?”

ಅವಳಿಗೂ ಅದೇ ಬೇಕಾಗಿತ್ತು. ಆದರೂ ಹೇಳಿದಳು, “ಅವತ್ತು ಡಾಕ್ಟರು ಆ ಹನಿ ತೋರಿಸಿದ್ರಲ್ಲ. ಆಗಿನಿಂದ ನನಗ ಒಂದ ಯೋಚನಿ ಬರತೈತ್ರಿ. ನನ್ನ ಮಗ ಸತ್ತಿರಲಿಲ್ಲಂತ ತಿಳೀರಿ. ಎಲ್ಲ್ಯೋ ಬದುಕಿದ್ದ, ಯಾರಿಗೋ ಗೊತ್ತಿತ್ತು, ಅವರು ತಮ್ಮ ಸುಖಕ್ಕಂತ ನನಗ ಹೇಳಲೇ ಇಲ್ಲ. ಅವರಿಗೆ ನಾ ಏನಂತಿದ್ದೆ?”

ಗುರುಸಿದ್ದಪ್ಪ ಒಲೆ ಆರಿಸಿ, ಮಗುವಿನ ಬಳಿ ಹೋಗಿ ಕೂತು, ಆಡಿಗೆ ಕೋಡು ಬರೆದುಕೊಟ್ಟ. ಮರುದಿನ ನೀಲಗಂಗಾ ಕೇಂದ್ರಕ್ಕೆ ಒಬ್ಬಳೇ ಹೋಗಿ, ಹುಡುಕಿರಿ ಎಂದು ಹೇಳಿ ಬಂದಳು. ಬರುವಾಗ ದಾರಿಯಲ್ಲಿ, ಸಿಗದೇ ಹೋಗಲಿ ಎಂದು ಮನೆದೇವರಿಗೆ ಬೇಡಿಕೊಂಡಳು.

ಸಿಕ್ಕಳು. ದೂರವೂ ಇರಲಿಲ್ಲ, ಅದೇ ನಗರದ ಇನ್ನೊಂದು ಮೂಲೆಯಲ್ಲಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಹೆಸರು ಬೆಗಿಮಾಯ್, ಇಪ್ಪತ್ತು ವರ್ಷ. ಹುಟ್ಟಿದ ವಾರಕ್ಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಬಿಟ್ಟುಹೋದ ಮಗು, ಅನಾಥಾಲಯದಲ್ಲಿ ಬೆಳೆದವಳು. ತಾಯಿ ಯಾರೆಂದು ಅವಳಿಗೆ ಗೊತ್ತಾದದ್ದು, ಆ ತಾಯಿ ನೀರಿನಲ್ಲಿ ಹೋದಳೆಂಬ ಸುದ್ದಿಯ ಜೊತೆಗೇ.

ಕೇಂದ್ರದಲ್ಲಿ ಅವಳನ್ನು ಮೊದಲು ನೋಡಿದಾಗ ನೀಲಗಂಗಾ ತಿರುಗಿ ಮೀರಿಮ್‌ಳ ಮುಖ ನೋಡಿದಳು. ಅದೇ ಅಗಲ ಹಣೆ. ಅದೇ, ಕೆಳದುಟಿಯನ್ನು ಒಳಗೆಳೆದುಕೊಳ್ಳುವ ರೀತಿ. ತೆಳ್ಳನೆಯ ಹುಡುಗಿ, ಬೆರಳುಗಳ ತುದಿಯಲ್ಲಿ ಸೂಜಿಯ ಕಲೆಗಳು. ಅವಳು ಮೀರಿಮ್‌ಳ ಎದುರು ಮೊಣಕಾಲೂರಿ ಕೂತು, ಮುಟ್ಟಲು ಹೆದರಿ ಕೈಯನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು. ಮೀರಿಮ್ ಅವಳ ಕೋಟಿನ ಗುಂಡಿ ಎಣಿಸತೊಡಗಿದಳು.

“ನನ್ನಲ್ಲಿಯೂ ಅಮ್ಮ ಇದ್ದಾಳೆಯೇ?” ಎಂದು ಬೆಗಿಮಾಯ್ ಡಾಕ್ಟರನ್ನು ಕೇಳಿದಳು.

ಅವಳ ರಕ್ತವನ್ನೂ ಜರಡಿ ಹಿಡಿಯಲಾಗಿತ್ತು. ಡಾಕ್ಟರ್ ಚೋಲ್ಪೋನ್ ಎಲ್ಲರನ್ನೂ ಒಳಕೋಣೆಗೆ ಕರೆದೊಯ್ದರು. ಅಲ್ಲಿ ಬೆಚ್ಚಗಿನ ಗಾಜಿನ ಪೆಟ್ಟಿಗೆಗಳಲ್ಲಿ ಹೆಕ್ಕಿದ ಕೋಶಗಳನ್ನು ಇಟ್ಟಿದ್ದರು. ಪರದೆಯ ಮೇಲೆ ಎರಡು ಹನಿ ಪಕ್ಕಪಕ್ಕ ಮೂಡಿದವು. “ಎಡಗಡೆಯದು ನಿನ್ನಲ್ಲಿ ಸಿಕ್ಕಿದ್ದು. ಬಲಗಡೆಯದು ನಿನ್ನ ತಂಗಿಯಲ್ಲಿ. ಎರಡೂ ನಿಮ್ಮ ತಾಯಿಯವೇ.”

“ಜೀವ ಇದೆಯೇ?”

“ಇದೆ.”

ಬೆಗಿಮಾಯ್ ಪರದೆಯ ಹತ್ತಿರ ಹೋದಳು. ಯಾವತ್ತೂ ತಾಯಿಯ ಮುಖ ನೋಡದವಳು. ಹಳ್ಳಿಯ ಜೊತೆಗೆ ಅವಳ ಪಟಗಳೂ ಕೊಚ್ಚಿಹೋಗಿದ್ದವು. ಅವಳು ಏನೋ ಪಿಸುಗುಟ್ಟಿದಳು. ಅದು ದುಭಾಷಿ ಯಂತ್ರದ ಕಿವಿಗೆ ಬೀಳಲಿಲ್ಲ. ನೀಲಗಂಗಾಳ ಕಿವಿಯಲ್ಲಿ ಬರೀ ಸುಯ್ ಎಂಬ ಸದ್ದು ಬಂತು. ಏನೆಂದಳೆಂದು ನೀಲಗಂಗಾ ವಿಚಾರಿಸಲಿಲ್ಲ. ತಾನೂ ಹೀಗೆಯೇ ಒಂದು ಹನಿಯ ಎದುರು ಕೂತಿದ್ದವಳು. ಹತ್ತಿರ ಹೋಗಿ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟಳು. ಮೀರಿಮ್ ಮಾತ್ರ ಬೇಸರಪಟ್ಟು, ಹಸಿವಾಗಿದೆ, ಬೋರ್ಸೋಕ್ ಬೇಕೆಂದು ನೀಲಗಂಗಾಳ ಸೆರಗು ಜಗ್ಗತೊಡಗಿದಳು. ಎಣ್ಣೆಯಲ್ಲಿ ಕರಿದು ದಿಂಬಿನಂತೆ ಉಬ್ಬಿದ ಆ ಹಿಟ್ಟಿನ ತುಂಡುಗಳನ್ನು ಕೇಂದ್ರದ ಕ್ಯಾಂಟೀನಿನಲ್ಲಿ ಮಾರುತ್ತಿದ್ದರು.

ಅಲ್ಲಿಯೇ, ಕ್ಯಾಂಟೀನಿನಲ್ಲಿ, ಮಗು ತಿನ್ನುತ್ತಿದ್ದಾಗ ಬೆಗಿಮಾಯ್ ಹೇಳಿದಳು. ನೇರವಾಗಿ ನೀಲಗಂಗಾಳ ಕಣ್ಣು ನೋಡಿಯೇ ಹೇಳಿದಳು: “ನೀವು ಒಳ್ಳೆಯವರು. ನೀವು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಆದರೆ ನಾನು ಅವಳನ್ನು ಕೊಡಲಾರೆ. ಈ ಲೋಕದಲ್ಲಿ ನನಗೆ ಬೇರೆ ಯಾರೂ ಇಲ್ಲ.”

ಗುರುಸಿದ್ದಪ್ಪ ಎದ್ದು ಹೊರಗೆ ಹೋದ. ನೀಲಗಂಗಾ ಮಗುವಿನ ಬಾಯೊರೆಸಿದಳು. ಒರೆಸಿದ ಬಾಯನ್ನೇ ಮತ್ತೆ ಒರೆಸಿದಳು.

ಮನೆಗೆ ಬಂದ ಮೇಲೆ ಅವಳ ಸಿಟ್ಟು ಉಕ್ಕಿತು. ಪಾತ್ರೆಗಳನ್ನು ಕುಕ್ಕಿದಳು. “ನಾನ ಬಾಯಿ ತಗದೆ! ನನ್ನ ಕೈಯಾರ ಒಯ್ದು ಕೊಟ್ಟಂಗಾತು. ನೀವರ ನನ್ನ ಬಾಯಿಗೆ ಕೈ ಅಡ್ಡ ಹಿಡೀಬಾರದಾಗಿತ್ತೇನು? ಹೊಲಿಗಿ ಹಾಕೂ ಹುಡುಗಿ, ಒಂದ ಕೋಣಿ, ಹಗಲೆಲ್ಲ ಕೆಲಸ. ಕೂಸು ಹೆಂಗ ಸಾಕತಾಳ? ಆಕಿಗೇನ ಗೊತ್ತು?”

ನಾನು ಮೊದಲೇ ಹೇಳಿದ್ದೆ ಎನ್ನಬಹುದಾಗಿತ್ತು ಗುರುಸಿದ್ದಪ್ಪ. ಅನ್ನಲಿಲ್ಲ. ಅಕ್ಕಿ ತೊಳೆದು ಒಲೆಯ ಮೇಲಿಟ್ಟು, “ಗೊತ್ತಿಲ್ಲಂದ್ರ ಹೇಳಿಕೊಡಬೇಕಾಕ್ಕೈತಿ, ನೀಲಾ,” ಎಂದಷ್ಟೇ ಹೇಳಿದ.

ಮಗುವಿಗೆ ಹೊಸ ಮನೆ ಒಗ್ಗುವತನಕ ಒಂದು ವಾರ ಜೊತೆಗಿರಬಹುದೇ ಎಂದು ಬೆಗಿಮಾಯ್‌ಳೇ ಕೇಳಿಕಳಿಸಿದ್ದಳು. ನೀಲಗಂಗಾ ಮೊದಲು ಆಗದು ಎಂದಳು. ಮರುದಿನ ಬೆಳಿಗ್ಗೆ ಮೀರಿಮ್‌ಳ ಬಟ್ಟೆ ಮಡಚಿ ಚೀಲಕ್ಕೆ ತುಂಬಿದಳು.

ಬೆಗಿಮಾಯ್‌ಳ ಕೋಣೆ ಕಾರ್ಖಾನೆಯ ಹಿಂದಿನ ವಸತಿಯಲ್ಲಿತ್ತು. ಕೆಳಗಿನ ಅಂತಸ್ತಿನಲ್ಲಿ ಕೆಲಸಗಾರರ ಮಕ್ಕಳಿಗೆ ಶಿಶುವಿಹಾರ. ನೀಲಗಂಗಾ ಏನಾದರೂ ಕೊರತೆ ಸಿಕ್ಕೀತೆಂದು ಹುಡುಕುವ ಕಣ್ಣಿನಿಂದಲೇ ಒಳಗೆ ಹೋದಳು. ಕೋಣೆ ಚೊಕ್ಕಟವಾಗಿತ್ತು. ಮಂಚದ ಪಕ್ಕದಲ್ಲಿ, ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಒಂದು ಚಿಕ್ಕ ಕೌದಿ. ಹೊಸದು, ದಾರದ ತುದಿಗಳನ್ನು ಇನ್ನೂ ಕತ್ತರಿಸಿರಲಿಲ್ಲ. ಕೌದಿಯ ಹೊಲಿಗೆ ನೋಡಿ ನೀಲಗಂಗಾಳ ಸಿಟ್ಟು ಅರ್ಧ ಇಳಿದುಹೋಯಿತು. ಉಳಿದರ್ಧ ಇಳಿಯಲಿಲ್ಲ.

ಆ ವಾರ ಅವಳು ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟಳು. ನಲ್ಲಿಗೆ ಬಟ್ಟೆ ಕಟ್ಟುವುದು. ರೊಟ್ಟಿ ಬಡಿಯುವುದು, ಗೋಧಿಹಿಟ್ಟಾದರೂ ನಡೆಯುತ್ತದೆ, ಸದ್ದು ಬರಬೇಕು. ಬೆಗಿಮಾಯ್ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಕಿವಿಯ ಹಾಲೆ ಸವರುವುದನ್ನು ಮಾತ್ರ ನೀಲಗಂಗಾ ಕೊನೆಯ ದಿನದವರೆಗೂ ಹೇಳದೆ ಇಟ್ಟುಕೊಂಡಿದ್ದಳು. ಆ ಮಧ್ಯಾಹ್ನ ಮಗು ಮಲಗಲು ಹಟ ಮಾಡುತ್ತಿದ್ದಾಗ, ಬೆಗಿಮಾಯ್‌ಳ ಕೈಯನ್ನು ಹಿಡಿದು ಮಗುವಿನ ಕಿವಿಯ ಮೇಲಿಟ್ಟಳು. “ಹಿಂಗ. ಮೆತ್ತಗ. ನಿಮ್ಮ ಅವ್ವ ಹಿಂಗ ಮಾಡತಿದ್ದಳಂತ ಕಾಣತೈತಿ.”

ಮಗು ನಿದ್ದೆಹೋಯಿತು. ಬೆಗಿಮಾಯ್ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, “ನಿಮಗೆ ನನ್ನ ಮೇಲೆ ಕೋಪವಿದೆಯೇ?”

“ಐತಿ,” ಎಂದಳು ನೀಲಗಂಗಾ.

“ನನಗೂ ಕೋಪವಿದೆ.”

“ಯಾರ ಮ್ಯಾಲ?”

“ಅಮ್ಮನ ಮೇಲೆ. ಇವಳ ಕಿವಿ ಸವರಿದಳು. ನನ್ನನ್ನು ಮೆಟ್ಟಿಲ ಮೇಲೆ ಬಿಟ್ಟಳು.”

ಇಪ್ಪತ್ತು ವರ್ಷದ ಹುಡುಗಿಯ ಕಿವಿ ಕೂದಲಿನ ಮರೆಯಲ್ಲಿತ್ತು. ನೀಲಗಂಗಾಳಿಗೆ ಕೈ ಚಾಚಬೇಕೆನ್ನಿಸಿತು, ಚಾಚಲಿಲ್ಲ. ಸಿಟ್ಟಿದೆ ಎಂದು ಈಗಷ್ಟೇ ಹೇಳಿದ್ದಳಲ್ಲ.

ಹೊರಡುವಾಗ ಮೀರಿಮ್ ನೆಲದ ಮೇಲೆ ಕೂತು ಡಬ್ಬಿಯ ತುಂಬ ಇದ್ದ ಗುಂಡಿಗಳನ್ನು ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಿದ್ದಳು. ಇವರು ಬಜಾರಿಗೆ ಹೋಗುತ್ತಿದ್ದಾರೆಂದು ತಿಳಿದಿದ್ದಳೋ ಏನೋ, ತಲೆ ಎತ್ತಲಿಲ್ಲ. ನೀಲಗಂಗಾ ಅವಳನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೊಂಡರೆ ಇಳಿಸಲಾಗದೆಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಗುರುಸಿದ್ದಪ್ಪ ಒಂದು ಗೋಡೆಗೆ ಮುಖ ಮಾಡಿ ನಿಂತು, ಭುಜ ಕುಲುಕಿಸಿ ಅತ್ತ. ಅವನು ಹಾಗೆ ಅತ್ತದ್ದನ್ನು ಅವಳು ಹಿಂದೆಂದೂ ನೋಡಿರಲಿಲ್ಲ.

ಗದಗಿಗೆ ಬಂದು ನೀಲಗಂಗಾ ಮತ್ತೆ ಕೆಲಸಕ್ಕೆ ಸೇರಿಕೊಂಡಳು. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೇಂದ್ರದಲ್ಲಿ ಅವಳು ನಿಯಂತ್ರಕಿ. ಗೋಡೆಯಗಲದ ಪರದೆಯ ಮೇಲೆ ಒಂದೊಂದು ಯಂತ್ರದ ವೇಗ, ಬಿಸಿ, ಗಾಳಿಯ ದಿಕ್ಕು ಮೂಡುತ್ತಿರುತ್ತವೆ. ಒಂದು ಚಕ್ರ ನಿಂತರೆ ಕೆಂಪು ದೀಪ ಹತ್ತುತ್ತದೆ. ಮನೆಯಲ್ಲಿ ಕೂಸಿಗೆಂದು ಸಜ್ಜುಮಾಡಿದ್ದ ಕೋಣೆಯ ಬಾಗಿಲನ್ನು ಮುಚ್ಚಲಿಲ್ಲ, ತೆರೆದೂ ಇಡಲಿಲ್ಲ, ಅರ್ಧಕ್ಕೆ ನಿಂತಿರುತ್ತಿತ್ತು. ಬೀದಿಯವರು, ನಂಟರು ಕೇಳಿದರು. ಅಕ್ಕ ಸಿಕ್ಕಳು, ಒಯ್ದಳು ಎಂದಷ್ಟೇ ಹೇಳಿದಳು. “ಅಯ್ಯ, ಸುಮ್ಮನಿದ್ದರ ಆಕಿತ್ತಲ್ಲವಾ,” ಎಂದವರೂ ಇದ್ದರು.

ಮೊದಮೊದಲು ವಾರಕ್ಕೆರಡು ಸಲ ಬಿಷ್ಕೆಕ್‌ನಿಂದ ಫೋನು ಬರುತ್ತಿತ್ತು. ಮೀರಿಮ್ ಪರದೆಗೆ ಮೂಗೊತ್ತಿ “ಅಪಾ” ಎನ್ನುವಳು. ಚಳಿಗಾಲ ಕಳೆಯುವ ಹೊತ್ತಿಗೆ ಅವಳಿಗೆ ಶಿಶುವಿಹಾರದ ಗೆಳತಿಯರಾದರು. ಒಂದು ಸಲ ಇಣುಕಿ ಓಡಿಹೋಗುವಳು. ಆಮೇಲೆ ಯಾರೋ ದೂರದ ನೆಂಟರನ್ನು ನೋಡಿದಂತೆ ನಾಚಿ ಅಕ್ಕನ ಬೆನ್ನ ಹಿಂದೆ ಅಡಗತೊಡಗಿದಳು. ಇದು ಹೀಗೇ ಆಗಬೇಕು, ಹೀಗಾದರೇ ಮಗು ಸುಖವಾಗಿದೆ ಎಂದರ್ಥ, ಎಂದು ನೀಲಗಂಗಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡ ದಿನ ಊಟ ಸೇರಲಿಲ್ಲ. ಫೋನುಗಳು ಕಡಿಮೆಯಾದವು. ಬಂದರೆ ಏನಾದರೂ ಕಾರಣವಿರುತ್ತಿತ್ತು: ಮಗುವಿಗೆ ಜ್ವರ, ಮಗುವಿಗೆ ಹೊಟ್ಟೆನೋವು, ಹಲ್ಲುನೋವು. ನೀಲಗಂಗಾ ಹೇಳುವಳು, ಬೆಗಿಮಾಯ್ ತಲೆಯಾಡಿಸಿ ಇಡುವಳು.

ವೈಶಾಖದ ಒಂದು ಮಧ್ಯಾಹ್ನ. ಹೊರಗೆ ಬಿರುಗಾಳಿ, ಗುಡ್ಡದ ಮೇಲಿನ ಚಕ್ರಗಳೆಲ್ಲ ಭರದಿಂದ ತಿರುಗುತ್ತಿದ್ದವು. ನೀಲಗಂಗಾ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ಬೆಗಿಮಾಯ್. ಹಿಂದೆ ಹೊಲಿಗೆಯಂತ್ರಗಳ ಸದ್ದು, ಕಾರ್ಖಾನೆಯಿಂದಲೇ ಮಾಡಿದ್ದಳು.

“ಏನಾತವಾ? ಕೂಸು ಹುಷಾರೈತೋ ಇಲ್ಲೋ?”

“ಅವಳು ಚೆನ್ನಾಗಿದ್ದಾಳೆ. ಶಿಶುವಿಹಾರದಲ್ಲಿ ಆಡುತ್ತಿದ್ದಾಳೆ.”

“ಮತ್ತ?”

ಬೆಗಿಮಾಯ್ ಕೆಳದುಟಿಯನ್ನು ಒಳಗೆಳೆದುಕೊಂಡಳು. “ಏನೂ ಇಲ್ಲ. ಯಂತ್ರದ ಸೂಜಿ ಬೆರಳಿಗೆ ಹೊಕ್ಕಿತು.”

ನೀಲಗಂಗಾ ರೊಟ್ಟಿಯನ್ನು ಡಬ್ಬಿಯಲ್ಲಿ ಬಿಟ್ಟು ಕೈಯೊರೆಸಿಕೊಂಡಳು. “ಎಲ್ಲಿ, ತೋರ್ಸು.”

ಹುಡುಗಿ ಬೆರಳನ್ನು ಪರದೆಗೆ ಹಿಡಿದಳು. ತೋರುಬೆರಳಿಗೆ ಬಿಳಿ ಬಟ್ಟೆ ಸುತ್ತಿತ್ತು. ನಡುವೆ ಒಂದು ಕೆಂಪು ಚುಕ್ಕೆ. ತೊಳೆದೆಯಾ ಎಂದು ನೀಲಗಂಗಾ ಕೇಳಿದಳು. ತೊಳೆದೆ. ಸೂಜಿಯ ಮೊನೆ ಒಳಗೆ ಮುರಿದಿಲ್ಲವಷ್ಟೆ? ಇಲ್ಲ. ಇಂಜೆಕ್ಷನ್? ಆಯಿತು, ಬೆಳಿಗ್ಗೆಯೇ ಆಯಿತು. ಮೇಲ್ವಿಚಾರಕಿ ಕೂರಲು ಹೇಳಿದ್ದಾಳೆ. ನೋವು? ಈಗ ಅಷ್ಟಿಲ್ಲ.

ಕೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಹೇಳುವುದಕ್ಕೂ ಅವಳಲ್ಲಿ ಏನೂ ಇದ್ದಂತಿರಲಿಲ್ಲ. ಆದರೂ ಬೆಗಿಮಾಯ್ ಫೋನು ಇಡಲಿಲ್ಲ. ಬೆರಳನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಕೂತಿದ್ದಳು.

ಅಷ್ಟರಲ್ಲಿ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ಬಾಗಿಲಿನಿಂದ ಸಹೋದ್ಯೋಗಿ ತಲೆಹಾಕಿ, “ಮೇಡಂ, ಒಂಬತ್ತನೇ ಯಂತ್ರ ನಿಂತೈತಿ, ಲಗೂನ ಬರ್ರಿ!” ಎಂದು ಕೂಗಿದ.

“ತಡಿಯಪ್ಪಾ ಒಂದೀಟು,” ನೀಲಗಂಗಾ ತಿರುಗದೆಯೇ ಹೇಳಿದಳು, “ಮಗಳು ಫೋನ್ ಮಾಡ್ಯಾಳ.”

ದುಭಾಷಿ ಯಂತ್ರಕ್ಕೆ ಯಾವ ಮಾತು ಯಾರಿಗೆಂದು ತಿಳಿಯದು. ಅದು ಆ ಮಾತನ್ನೂ ತಿರುಗಿಸಿ ಅತ್ತ ಕಳಿಸಿತು.